ಕಾವಲುಗಾರನ ಪರೀಕ್ಷೆ



ಕಲಬುರಗಿಯ ಕೋಟೆಯ ಸುತ್ತಲಿನ ಓಣಿಗಳಿಗೂ ಕಮಲಾಪುರದ ಕೆಂಪು ಬಾಳೆಯ ತೋಟಗಳಿಗೂ ವಿದ್ಯುತ್ತು ಉಪಕೇಂದ್ರಗಳ ಮೂಲಕವೇ ಹರಿದು ಬರುತ್ತದೆ. ಅಲ್ಲಿನ ಫಲಕಗಳಲ್ಲಿ ರಿಲೇ ಎಂಬ ಕಾವಲುಗಾರನಿದ್ದಾನೆ. ಮಾರ್ಗದಲ್ಲಿ ದೋಷವುಂಟಾದರೆ ಅದನ್ನರಿತು, ಬ್ರೇಕರಿಗೆ ಆಜ್ಞೆಯಿತ್ತು ಪ್ರವಾಹವನ್ನು ಕಡಿಸುವುದು ಅವನ ಕಾಯಕ. ಅವನು ಎಚ್ಚರವಾಗಿರುವನೇ ಎಂಬುದನ್ನು ಊರಿನ ದೀಪವಾರಿಸದೆ ಪರೀಕ್ಷಿಸುವ ಸಾಧನವೇ ಟೆಸ್ಟ್ ಸ್ವಿಚ್.

ಹಳೆಯ ಪದ್ಧತಿಯ ಸ್ವಿಚ್ಚಿನಲ್ಲಿ ಚೂರಿಯಂತಹ ಅಲಗುಗಳು ಸಾಲಾಗಿರುತ್ತವೆ. ಒಂದೊಂದನ್ನೂ ಕೈಯಿಂದಲೇ ತೆರೆಯಬೇಕು. ಮೊದಲು ತೆರೆಯಬೇಕಾದುದು ಬ್ರೇಕರಿಗೆ ಆಜ್ಞೆ ಒಯ್ಯುವ ಮಾರ್ಗ. ಇಲ್ಲವಾದರೆ ಪರೀಕ್ಷೆಯ ನಡುವೆ ಊರೇ ಕತ್ತಲಾದೀತು. ಅನಂತರದ್ದು ಕರೆಂಟ್ ಟ್ರಾನ್ಸ್‌ಫಾರ್ಮರಿನ ಮಾರ್ಗ. ನೂರಾರು ಆಂಪಿಯರುಗಳನ್ನು 1 ಅಥವಾ 5 ಆಂಪಿಯರಿಗೆ ಇಳಿಸಿ ರಿಲೇಗೆ ಕೊಡುವ ಈ ಉಪಕರಣದ ತುದಿಗಳನ್ನು, ಪ್ರವಾಹವಿರುವಾಗ ಬರಿದೆ ಬಿಚ್ಚಿದರೆ ಸಾವಿರಾರು ವೋಲ್ಟು ಹುಟ್ಟಿ ಜೀವಕ್ಕೆ ಎರವಾದೀತು. ಆದುದರಿಂದ ತುದಿಗಳನ್ನು ಒಂದಕ್ಕೊಂದು ಕೂಡಿಸಿದ ಮೇಲೆಯೇ ರಿಲೇಯನ್ನು ಬೇರ್ಪಡಿಸಬೇಕು. ಈ ಕ್ರಮವೆಲ್ಲ ಕೆಲಸಗಾರನ ನೆನಪನ್ನೇ ನಂಬಿದ್ದಿತು.

ಹೊಸ ಬಗೆಯಲ್ಲಿ ಒಂದೇ ಪ್ಲಗ್ಗನ್ನು ತೂರಿಸಿದರೆ ಸಾಕು. ಆಜ್ಞಾಮಾರ್ಗ ಮೊದಲು ತೆರೆದು, ಬಳಿಕ ತುದಿಗಳು ತಾವಾಗಿ ಕೂಡಿಕೊಳ್ಳುತ್ತವೆ. ಪ್ಲಗ್ಗನ್ನು ಹೊರತೆಗೆವಾಗ ಆಜ್ಞಾಮಾರ್ಗ ಕಟ್ಟಕಡೆಗೆ ಜೋಡಣೆಯಾಗುತ್ತದೆ. ಕ್ರಮವು ಮನುಷ್ಯನ ನೆನಪಿನಿಂದ ಯಂತ್ರದ ಮೈಯೊಳಗೆ ಇಳಿದಿದೆ. ಇದರಿಂದ ಎಷ್ಟೋ ಅವಘಡಗಳು ತಪ್ಪುತ್ತವೆ. ಇದನ್ನು ನಾವು ಮನಸಾರೆ ಸ್ವಾಗತಿಸುತ್ತೇವೆ. ಆದರೆ ಹಳೆಯದಕ್ಕೂ ಒಂದು ಗುಣವುಂಟು: ತೆರೆದ ಅಲಗು ಕಣ್ಣಿಗೆ ಕಾಣುತ್ತದೆ. ಇಂದಿನ ಗಣಕಸದೃಶ ರಿಲೇಗಳನ್ನು ತಂತ್ರಾಂಶದಿಂದಲೇ ಪರೀಕ್ಷಾ ಸ್ಥಿತಿಗೆ ತರಬಹುದು. ಅದನ್ನು ಹಿಂದೆಗೆಯಲು ಮರೆತರೆ ಕಾವಲುಗಾರನು ನಿಂತೇ ಇದ್ದರೂ ಮೂಕನಾಗಿರುವನು. ಕ್ರಮವನ್ನು ಯಂತ್ರಕ್ಕೆ ಒಪ್ಪಿಸಬಹುದು. ಕೊನೆಗೊಮ್ಮೆ ನೋಡಿ ಖಚಿತಪಡಿಸಿಕೊಳ್ಳುವ ಹೊಣೆಯನ್ನು ಒಪ್ಪಿಸಲಾಗದು.

ಇದು ಎಂಜಿನಿಯರರ ಮಾತಷ್ಟೇ ಎಂದು ಗೃಹಸ್ಥರು ಭಾವಿಸಬಾರದು. ಇಂದು ಅನೇಕ ಮನೆಗಳ ಫಲಕದಲ್ಲಿ ಆರ್‌ಸಿಸಿಬಿ ಎಂಬ ಪುಟ್ಟ ಕಾವಲುಗಾರನಿದ್ದಾನೆ. ಸಾಮಾನ್ಯವಾಗಿ 30 ಮಿಲಿಆಂಪಿಯರಿನಷ್ಟು ಸೋರಿಕೆಯಾದರೂ ವಿದ್ಯುತ್ತನ್ನು ಕಡಿದು ಜೀವವುಳಿಸುವವನು ಅವನು. ಅವನ ಮೈಮೇಲೆ ‘ಟಿ’ ಎಂದು ಬರೆದ ಗುಂಡಿಯೇ ನಮ್ಮ ನಿಮ್ಮೆಲ್ಲರ ಟೆಸ್ಟ್ ಸ್ವಿಚ್. ಹಾಕಿಸಿದಂದಿನಿಂದ ಅದನ್ನು ಒತ್ತಿಯೇ ನೋಡದ ಮನೆಗಳೆಷ್ಟೋ!

ತಿಂಗಳಿಗೊಮ್ಮೆ ಅದನ್ನು ಒತ್ತಿರಿ. ವಿದ್ಯುತ್ತು ಒಡನೆ ನಿಂತರೆ ಕಾವಲುಗಾರನು ಎಚ್ಚರವಾಗಿದ್ದಾನೆ. ನಿಲ್ಲದಿದ್ದರೆ ತಡಮಾಡದೆ ಬಲ್ಲ ಕೆಲಸಗಾರನನ್ನು ಕರೆಸಿರಿ. ಆ ಗುಂಡಿಯು ಅರ್ಥಿಂಗನ್ನು ಪರೀಕ್ಷಿಸದು; ಅದನ್ನು ಬೇರೆಯಾಗಿಯೇ ನೋಡಿಸಬೇಕು. ಮನೆಯ ಮಕ್ಕಳ ಒದ್ದೆಗೈ ಸ್ವಿಚ್ಚಿನತ್ತ ಚಾಚುವ ಮೊದಲೇ ಇದಾಗಲಿ ಎಂಬುದು ನಮ್ಮ ಹಾರೈಕೆ.