ಕರಿಕೋಟಿಗೆ ಮುನ್ನ

ಮಕ್ಕಳ ವಿದ್ಯೆಯ ಪ್ರಶ್ನೆ ಊಟದ ಹೊತ್ತಿಗೇ ಏಳುವುದು ಎಷ್ಟೋ ಮನೆಗಳಲ್ಲಿ ವಾಡಿಕೆ. ಬಸವನಗುಡಿಯ ಆ ಮನೆಯಲ್ಲಿಯೂ ಹಾಗೆಯೇ ಆಯಿತು. ಪಿ.ಯು.ಸಿ. ಮುಗಿಸಿದ ಮಗಳು, ಗಣಿತದಲ್ಲಿ ಪದವಿ ಪಡೆದು ಆಮೇಲೆ ಕಾನೂನು ಓದುವೆನೆಂದಳು.

"ನ್ಯಾಯಾಲಯದಲ್ಲಿ ಲೆಕ್ಕ ಬಿಡಿಸುವೆಯೇನಮ್ಮ? ರಾಜ್ಯಶಾಸ್ತ್ರ ತೆಗೆದುಕೊ" ಎಂದರು ತಂದೆ.

"ಮೂರು ವರ್ಷದ ಎಲ್‌ಎಲ್.ಬಿ.ಗೆ ಯಾವ ಪದವಿಯಾದರೂ ಸಲ್ಲುತ್ತದೆ, ಅಪ್ಪ. ಅವರು ನೋಡುವುದು ಅಂಕವನ್ನು. ಸಾಮಾನ್ಯ ವರ್ಗಕ್ಕೆ ಶೇಕಡಾ 45."

ಮಗಳ ಮಾತು ಸುಳ್ಳಲ್ಲ. 1973ರಲ್ಲಿ ತೀರ್ಪಾದ ಮೊಕದ್ದಮೆಯಲ್ಲಿ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳ ಪರ ವಾದಿಸಿದ ಪಾಲ್ಖೀವಾಲಾ ಮೊದಲು ಓದಿದ್ದು ಇಂಗ್ಲಿಷ್ ಸಾಹಿತ್ಯ. 1993ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಗಳಾದ ವೆಂಕಟಾಚಲಯ್ಯನವರು ಬಿ.ಎಸ್ಸಿ. ರಾಜ್ಯಶಾಸ್ತ್ರದವರಿಗೆ ಸಂವಿಧಾನದ ಪರಿಚಯ ಮೊದಲೇ ಇರುವುದು ನಿಜ. ಆದರೆ ಕಾನೂನು ಕಾಲೇಜು ಅದನ್ನು ಎಲ್ಲರಿಗೂ ಕಲಿಸುತ್ತದೆ. ಹೆಜ್ಜೆ ತಪ್ಪದೆ ಸಾಧಿಸುವ ಗಣಿತದ ಶಿಸ್ತು ವಾದಕ್ಕೂ ಬೇಕಾದುದೇ.

ತಂದೆ ಮೌನವಾದರು. ಹಿಂದೊಮ್ಮೆ ಅವರೂ ವಕೀಲರಾಗುವ ಆಸೆಯಿಂದ ಪ್ರೀತಿಯ ಸಂಸ್ಕೃತವನ್ನು ಬಿಟ್ಟು ರಾಜ್ಯಶಾಸ್ತ್ರ ಓದಿದ್ದರು. ಅಷ್ಟರಲ್ಲಿ ಮನೆಯ ಭಾರ ಹೆಗಲೇರಿತು, ಬ್ಯಾಂಕಿನಲ್ಲಿ ಗುಮಾಸ್ತರಾದರು. ವಕೀಲಿಯೂ ಇಲ್ಲ, ಸಂಸ್ಕೃತವೂ ಇಲ್ಲ.

"ಕಾನೂನು ಓದಲಾಗದೆ ಹೋದರೂ ಗಣಿತ ನಿನಗೆ ಉಳಿಯುತ್ತದಷ್ಟೆ?" ಎಂದು ಕೇಳಿದರು. ಅವಳು ತಲೆಯಾಡಿಸಿದಳು. ಕೈ ತೊಳೆದು ಬಂದು, ಅರ್ಜಿಗೆ ಸಹಿ ಹಾಕಿದರು.