ನೀರಿಗಿಳಿಯುವ ಮೊದಲು

ಕುಲುಮೆಯ ಮುಂದೆ ಕೂತವರೆಲ್ಲ ಕಾಯುವುದು ಒಂದೇ ಗಳಿಗೆಗೆ. ಕೆಂಪಗೆ ಕಾದ ಮಚ್ಚು ನೀರಿಗೆ ಬಿದ್ದು ಚುಂಯ್ ಎನ್ನಬೇಕು, ಹಬೆ ಏಳಬೇಕು. ನನಗೂ ಆ ಸದ್ದೆಂದರೆ ಇಷ್ಟ, ಸುಳ್ಳೇಕೆ ಹೇಳಲಿ. ನಮ್ಮೂರ ಆಚಾರ್ರು ಮಾತ್ರ ಆ ಸಂಭ್ರಮಕ್ಕೆ ಸೊಪ್ಪು ಹಾಕುವವರಲ್ಲ. "ನೀರಿಗೇನು ಗೊತ್ತು ಸ್ವಾಮಿ, ಅದು ಇರೋದನ್ನ ಗಟ್ಟಿ ಮಾಡುತ್ತೆ ಅಷ್ಟೇ" ಅನ್ನುತ್ತಾರೆ.

ಅವರು ಆರಿಸುವುದು ಲಾರಿಯ ಹಳೇ ಸ್ಪ್ರಿಂಗ್ ಪ್ಲೇಟು. ಕಾರ್ಖಾನೆಯಲ್ಲಿ ಒಮ್ಮೆ ಹದ ಪಡೆದು, ವರ್ಷಗಟ್ಟಲೆ ಹೊರೆ ಹೊತ್ತು ಬಂದದ್ದು. ಒಳಗೆ ಸೇರಿಕೊಂಡ ಬಿಗಿತ ಬೆಂಕಿಯಲ್ಲಿ ಸಡಿಲವಾಗುವಾಗ ಅಲಗನ್ನು ಸೊಟ್ಟ ಮಾಡಿಬಿಡುತ್ತದೆ. ಅದಕ್ಕೇ ಮೊದಲು ಕಾಯಿಸಿ, ಬೂದಿಯಲ್ಲಿ ಹೂತು ರಾತ್ರಿಯಿಡೀ ಬಿಡುತ್ತಾರೆ, ಹೋಳಿಗೆಯ ಕಣಕ ನೆನೆಯಲು ಬಿಟ್ಟಂತೆ. ಅವಸರದ ಗಿರಾಕಿಗಳಿಗೆ ಇದು ಸೋಮಾರಿತನವಾಗಿ ಕಾಣುತ್ತದೆ.

ಆಮೇಲೆ ಸುತ್ತಿಗೆ. ಉಕ್ಕು ತಣಿದ ಮೇಲೂ ಬಡಿದರೆ ಬಿಗಿತ ಮತ್ತೆ ಕೂರುತ್ತದೆ. ಬೆಳ್ಳಗಾಗುವಷ್ಟು ಕಾಯಿಸಿ ಹಾಗೇ ಬಿಟ್ಟರೆ ಒಳಗಿನ ಹರಳುಗಳು ದಪ್ಪಗಾಗಿ, ಹದ ಹಾಕಿದ ಮೇಲೆ ಅಲಗು ಪಟ್ಟನೆ ಮುರಿಯುತ್ತದೆ. ಮೇಲ್ಪದರದ ಇಂಗಾಲವೂ ಸುಟ್ಟುಹೋಗಿ, ಎಷ್ಟು ಅದ್ದಿದರೂ ಹೊರಮೈ ಮೆತ್ತಗೇ ಉಳಿಯುತ್ತದೆ. ಇಂಗಾಲ ಹೋದ ಪದರವನ್ನು ಉಜ್ಜಿ ತೆಗೆಯುವುದೇ ದಾರಿ. ದಪ್ಪ ಹರಳಿಗೆ ಮದ್ದಿದೆ: ಆಯಸ್ಕಾಂತ ಅಂಟದಷ್ಟು, ಅಂದರೆ ಸುಮಾರು 770 ಡಿಗ್ರಿ ದಾಟಿಸಿ, ತುಸು ಹೆಚ್ಚೇ ಕಾಯಿಸಿ, ಗಾಳಿಯಲ್ಲಿ ಆರಲು ಬಿಡುವುದು. ಹರಳು ಹೊಸದಾಗಿ, ಸಣ್ಣಗೆ ಕಟ್ಟಿಕೊಳ್ಳುತ್ತದೆ.

ದೊಡ್ಡ ದೊಡ್ಡವರೂ ಈ ಅತಿ ಕಾವಿನಲ್ಲಿ ಎಡವಿದ್ದಾರೆ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್, ಇಲ್ಲಿಯವರು ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ಜೊತೆ ತಂಗಡಿ ಕಡ್ಡಿ ಇಟ್ಟು ಉಕ್ಕು ಮಾಡುವುದನ್ನು ಬರೆದಿಟ್ಟ. ಅಂಥ ಉಕ್ಕಿನ ಗಟ್ಟಿ ಯೂರೋಪಿನ ಕಮ್ಮಾರರ ಕೈಗೆ ಹೋದಾಗ, ತಮ್ಮ ಕಬ್ಬಿಣದ ರೂಢಿಯಂತೆ ಬೆಳ್ಳಗೆ ಕಾಯಿಸಿ ಬಡಿದರು, ಅದು ಪುಡಿಯಾಯಿತು. ಸುಮಾರು ಶೇ. 1.5 ಇಂಗಾಲವಿರುವ ಉಕ್ಕು ಅಷ್ಟು ಶಾಖ ತಾಳದು. ಕೆಂಪು ಕಾವಿನಲ್ಲೇ ಮತ್ತೆ ಮತ್ತೆ ಕಾಯಿಸಿ ಬಡಿದರೆ ಮಾತ್ರ ಇಂಥ ಉಕ್ಕಿನ ಡಮಾಸ್ಕಸ್ ಕತ್ತಿಯ ಅಲೆಗೆರೆ ಮೂಡುತ್ತದೆ. ಅದಿರಿನಲ್ಲಿದ್ದ ಚೂರುಪಾರು ವೆನೇಡಿಯಮ್ಮಿಗೂ ಅದರಲ್ಲಿ ಪಾಲುಂಟೆಂದು 1998ರಲ್ಲಿ ಲೋಹವಿಜ್ಞಾನಿ ವರ್ಹೋವನ್ ಮತ್ತವರ ಸಂಗಡಿಗರು ಬರೆದರು. ಗಣಿಯಿಂದಲೇ ಹದ ಶುರುವಾಗಿತ್ತು ಅನ್ನಿ.

ಮಚ್ಚು ಮಾಡಿಸುವವರಿದ್ದರೆ ಪ್ಲೇಟನ್ನು ಬಿಸಿಲಿಗೆ ಹಿಡಿದು ನೋಡಿ. ಕೂದಲೆಳೆಯಷ್ಟು ಬಿರುಕು ಕಂಡರೂ ಗುಜರಿಯಲ್ಲೇ ಬಿಟ್ಟು ಬನ್ನಿ. ಅದನ್ನು ಯಾವ ಆಚಾರ್ರೂ ನೀರಲ್ಲಿ ಮುಳುಗಿಸಿ ಸರಿಮಾಡಲಾರರು.