ಆರಿದ ದೀಪ

ಯಂತ್ರ ಕೈಕೊಟ್ಟಾಗ ಮನೆಯ ಯಜಮಾನರಿಗೆ ಮೊದಲು ಕಾಣುವುದು ಪರರ ತಪ್ಪೇ. ಬಸವನಗುಡಿಯ ನಿವೃತ್ತ ಅಧಿಕಾರಿ ರಾಯರೂ ಇದಕ್ಕೆ ಹೊರತಲ್ಲ. ರಾತ್ರಿ ಎಂಟಕ್ಕೆ ಪರದೇಶದಿಂದ ಮಗಳು ಕೂಸಿನ ಮುಖ ತೋರಿಸುವವಳಿದ್ದಳು. ಏಳೂವರೆಗೆ ಕಂಪ್ಯೂಟರಿನಲ್ಲಿ ಇಂಟರ್‌ನೆಟ್ ನಿಂತಿತು. ಸಂಪರ್ಕ ಒದಗಿಸುವ ಕಚೇರಿಯ ಹುಡುಗನಿಗೆ ಫೋನಿನಲ್ಲಿ ಸಹಸ್ರನಾಮಾರ್ಚನೆಯಾಯಿತು.

“ನನ್ನ ಮೊಬೈಲಿಗೆ ಅದೇ ರೂಟರಿನಿಂದ ಬರುತ್ತಿದೆಯಲ್ಲ, ತಪ್ಪು ಅವರದು ಹೇಗಾದೀತು?” ಎಂದರು ಮಡದಿ. ಮೊಬೈಲಿನಲ್ಲೇ ಕೂಸನ್ನು ನೋಡಬಹುದಿತ್ತು, ನಿಜ. ಆದರೆ ಪೊರೆ ಬಂದ ರಾಯರ ಕಣ್ಣಿಗೆ ಅಂಗೈಯಗಲದ ಗಾಜು ಸಾಲದು.

ರಾಯರು ಮಂಡಿಯೂರಿ ಮೇಜಿನಡಿಗೆ ನುಸುಳಿದರು. ಕೇಬಲ್ ಸೇರುವ ಕಿಂಡಿಯ ಬಳಿ ಸದಾ ಮಿನುಗುವ ಪುಟ್ಟ ದೀಪ ಆರಿತ್ತು. ಅದು ಉರಿಯದಿರುವಾಗ ಕಂಪ್ಯೂಟರಿನ ಸೆಟ್ಟಿಂಗುಗಳನ್ನು ತಡಕಿ ಫಲವಿಲ್ಲ; ತಂತಿಯನ್ನೇ ಮೊದಲು ವಿಚಾರಿಸಬೇಕು. ಎಂಟು ಎಳೆಗಳ ಆ ಕೇಬಲನ್ನು ಕಿಂಡಿಯಲ್ಲಿ ಹಿಡಿದಿಡುವುದು ಉಗುರಿನಷ್ಟು ಪ್ಲಾಸ್ಟಿಕ್ ನಾಲಗೆ. ಅದು ಮುರಿದು, ಕೇಬಲ್ ಸಡಿಲಗೊಂಡು ಜಾರಿತ್ತು. ಹಿಂದಿನ ದಿನ ಧೂಳು ಕೊಡವಲೆಂದು ಮೇಜನ್ನು ದರದರನೆ ಎಳೆದವರು ಸ್ವಯಂ ರಾಯರೇ!

ಬೀರುವಿನಲ್ಲಿದ್ದ ಇನ್ನೊಂದು ಕೇಬಲನ್ನು ಸಿಕ್ಕಿಸಿದಾಗ ಅದು ಟಕ್ಕೆಂದು ಕೂತಿತು, ದೀಪ ಮಿನುಗಿತು. ಎಂಟಕ್ಕೆ ಕೂಸು ಪರದೆಯ ತುಂಬ ಆಕಳಿಸಿತು.

ಒಂಬತ್ತಕ್ಕೆ ರಾಯರು ಮತ್ತೆ ಆ ಕಚೇರಿಗೆ ಫೋನು ಮಾಡಿದರು. ಬೇರೊಬ್ಬ ಹುಡುಗ ಎತ್ತಿಕೊಂಡ. “ಆಗ ಮಾತಾಡಿದವನನ್ನು ಸ್ವಲ್ಪ ಕರೆಯಪ್ಪ” ಎಂದರು ರಾಯರು, ದನಿ ತಗ್ಗಿಸಿ.